ಅಹವಾಲಿಗೊಂದು ಹಿಂಬರಹ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಕಡಕೊಳ ದಾಟಿ ಮುಂದೆ ಹೋದರೆ ತಾಂಡವಪುರ ಸಿಗುತ್ತದೆ. ಅದರ ಆಸುಪಾಸಿನಲ್ಲೇ ತಾಂಡ್ಯ ಕೈಗಾರಿಕಾ ಪ್ರದೇಶ. ಒಂದು ಕಡೆ ಹೊಲ, ಮನೆ, ದನದ ಕೊಟ್ಟಿಗೆ. ಇನ್ನೊಂದು ಕಡೆ ಕಾರ್ಖಾನೆಗಳ ಕಾಂಪೌಂಡು, ಪಾಳಿ ಮುಗಿಸಿ ಹೊರಬರುವ ಕೆಲಸಗಾರರು. ಹಳ್ಳಿಯೂ ಅಲ್ಲದ, ಪೇಟೆಯೂ ಆಗದ ಇಂಥ ಊರುಗಳು ಈಗ ನಾಡಿನ ತುಂಬ ಇವೆ.

ಇಂಥ ಒಂದು ಊರಿನಲ್ಲಿ ಚರಂಡಿ ಕಟ್ಟಿಕೊಂಡಿತೆನ್ನಿ. ಅಥವಾ ಕೊಳಾಯಿಯಲ್ಲಿ ನಾಲ್ಕು ದಿನದಿಂದ ನೀರು ಬರಲಿಲ್ಲವೆನ್ನಿ. ಮನೆಯವರು ಮೊದಲು ತಮ್ಮ ಬೀದಿಯ ಪಂಚಾಯಿತಿ ಸದಸ್ಯರ ಬಾಗಿಲಿಗೆ ಹೋಗುತ್ತಾರೆ. ಅವರು ‘ಆಫೀಸಿಗೆ ಹೇಳಿದ್ದೇನೆ’ ಎನ್ನುತ್ತಾರೆ. ಆಫೀಸಿನಲ್ಲಿ ‘ಆ ರಸ್ತೆ ನಮಗೆ ಬರುವುದಿಲ್ಲ, ಬೇರೆ ಇಲಾಖೆಯದು’ ಎನ್ನುತ್ತಾರೆ. ಬೇರೆ ಇಲಾಖೆಯವರು ‘ರಸ್ತೆ ನಮ್ಮದು, ಚರಂಡಿ ಪಂಚಾಯಿತಿಯದು’ ಎನ್ನುತ್ತಾರೆ. ಎಲ್ಲರೂ ಮರ್ಯಾದೆಯಾಗಿಯೇ ಮಾತನಾಡುತ್ತಾರೆ. ಚರಂಡಿ ಮಾತ್ರ ಇದ್ದ ಹಾಗೇ ಇರುತ್ತದೆ. ಕೊನೆಗೆ ಮನುಷ್ಯರು ಕೇಳದಿದ್ದರೆ ನಂಜುಂಡನಾದರೂ ಕೇಳಲಿ ಎಂದು ಕಪಿಲಾ ನದಿಯ ದಂಡೆಗೆ ಹೋಗಿ ಕೈಮುಗಿದು ಬರುವುದೊಂದೇ ಉಳಿಯುತ್ತದೆ.

ಕಸ ಎತ್ತುವುದು, ನೀರು ಬಿಡುವುದು, ದೀಪ ಹಾಕುವುದು ರಾಜ್ಯವಾಳುವ ದೊಡ್ಡ ಕೆಲಸಗಳಂತೆ ಕಾಣುವುದಿಲ್ಲ. ಆದರೆ ಸಾಮಾನ್ಯ ಜನ ಸರಕಾರ ಎಂಬುದನ್ನು ಎದುರಿಗೆ ಕಾಣುವುದು ಇಲ್ಲಿಯೇ. ಈ ಸಣ್ಣ ದೂರುಗಳನ್ನು ಯಾರು ಕೇಳಬೇಕು, ಕೇಳಿದವರು ಉತ್ತರ ಕೊಡಲೇಬೇಕೆ ಎಂಬ ಪ್ರಶ್ನೆಗೆ ನಮ್ಮ ಮೈಸೂರು ಸೀಮೆಯಲ್ಲಿ ಸುಮಾರು ಇನ್ನೂರು ವರ್ಷಗಳ ಚರಿತ್ರೆ ಇದೆ.

ಮಾತಿನೊಳಗಿನ ಚರಿತ್ರೆ

ಈ ಚರಿತ್ರೆಯ ಒಂದು ಭಾಗ ನಾವು ಬಳಸುವ ಮಾತುಗಳಲ್ಲೇ ಅಡಗಿದೆ. ‘ದೂರು’ ಎಂಬುದು ಕನ್ನಡದ್ದೇ ಮಾತು. ಒಬ್ಬರ ಮೇಲೆ ತಪ್ಪು ಹೊರಿಸುವುದು ಅದರ ಹಳೆಯ ಅರ್ಥ. ಅತ್ತೆ ಸೊಸೆಯನ್ನು ದೂರುವುದು ಎನ್ನುವಾಗ ಆ ಅರ್ಥವೇ ಇದೆ. ಸರಕಾರದೊಂದಿಗೆ ನಡೆಸುವ ವ್ಯವಹಾರದ ಮಾತುಗಳಾದರೋ ಹೆಚ್ಚಾಗಿ ಅರಬ್ಬಿ, ಫಾರಸಿಗಳಿಂದ ಬಂದವು. ‘ಅರ್ಜಿ’ ಎಂದರೆ ಮುಂದಿಡುವುದು, ಬಿನ್ನವಿಸಿಕೊಳ್ಳುವುದು. ‘ಫಿರ್ಯಾದು’ ಎಂದರೆ ಮೊರೆ, ಕೂಗು. ‘ಅಹವಾಲು’ ಎಂಬುದು ‘ಹಾಲ್’ ಎಂಬುದರ ಬಹುವಚನ, ಸ್ಥಿತಿಗತಿಗಳು ಎಂದರ್ಥ. ‘ನಮ್ಮ ಅಹವಾಲು ಕೇಳಿ’ ಎಂದರೆ ‘ನಮ್ಮ ಸ್ಥಿತಿ ಹೇಗಿದೆ ಕೇಳಿ’ ಎಂದಂತೆ.

ಇವೆಲ್ಲ ಕೆಳಗಿನಿಂದ ಮೇಲಕ್ಕೆ ಹೋಗುವ ಮಾತುಗಳು. ಮೇಲಿನಿಂದ ಕೆಳಕ್ಕೆ ಬರಬೇಕಾದದ್ದಕ್ಕೆ ನಮ್ಮ ಕಚೇರಿಗಳಲ್ಲಿ ಇರುವ ಹೆಸರು ‘ಹಿಂಬರಹ’. ಅರ್ಜಿಯ ಹಿಂಬದಿಯಲ್ಲಿ ಅಧಿಕಾರಿ ಬರೆದುಕೊಡುವ ಉತ್ತರ ಅದು. ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಈ ಮಾತು ಗೊತ್ತು. ‘ಆಗುವುದಿಲ್ಲ’ ಎಂದಾದರೂ ಸರಿ, ಅದನ್ನು ಬರೆದು ರುಜು ಹಾಕಿ ಕೊಟ್ಟರೆ ಅದು ಹಿಂಬರಹ. ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತೆ. ದೂರಿನ ಪರಿಹಾರದ ಚರಿತ್ರೆಯೆಂದರೆ, ಒಂದು ದೃಷ್ಟಿಯಲ್ಲಿ, ಈ ಹಿಂಬರಹವನ್ನು ಸಂಪಾದಿಸಿಕೊಂಡ ಚರಿತ್ರೆಯೇ.

ಉತ್ತರ ಸಿಗದಿದ್ದಾಗ

ಅಹವಾಲಿಗೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಮೈಸೂರು ಸಂಸ್ಥಾನ 1830ರಲ್ಲಿ ಕಂಡಿತು. ಆಗ ಅಮಲ್ದಾರರು ಇಂತಿಷ್ಟು ಕಂದಾಯ ತಂದುಕೊಡುತ್ತೇವೆಂದು ಷರತ್ತು ಒಪ್ಪಿಕೊಂಡು ಅಧಿಕಾರ ಪಡೆಯುತ್ತಿದ್ದರು. ಹಣ ತರುವವನೇ ದೂರು ಕೇಳುವವನೂ ಆದರೆ ರೈತ ಯಾರ ಹತ್ತಿರ ಹೋಗಬೇಕು? ನಗರ ಸೀಮೆಯ ರೈತರು ಊರೂರುಗಳಲ್ಲಿ ‘ಕೂಟ’ ಸೇರಿದರು. ಕೂಟ ದಂಗೆಯಾಯಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಇಂಗ್ಲಿಷರು ತೆಗೆದುಕೊಂಡರು. ಸಂಸ್ಥಾನ ಮತ್ತೆ ಒಡೆಯರ ಮನೆತನಕ್ಕೆ ಬಂದದ್ದು ಐವತ್ತು ವರ್ಷಗಳ ನಂತರ, 1881ರ ಮಾರ್ಚಿಯಲ್ಲಿ. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೂ ರೈತನ ಮಾತು ಅರಮನೆಗೆ ತಲುಪುವ ದಾರಿ ಮುಚ್ಚಿಹೋದದ್ದು ಅವುಗಳಲ್ಲಿ ಸಣ್ಣದಲ್ಲ.

ದಸರೆಗೆ ಬಂದ ಪ್ರತಿನಿಧಿಗಳು

ಹೊಸ ಆಡಳಿತದ ಮೊದಲ ದಿವಾನರಾದ ರಂಗಾಚಾರ್ಲು ಅವರು ಆ ದಾರಿಯನ್ನು ತೆರೆಯುವ ಕೆಲಸಕ್ಕೆ ಬೇಗನೆ ಕೈಹಾಕಿದರು. 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕೆಯುಳ್ಳ ಜಮೀನುದಾರ ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಸದಸ್ಯರು. ಹಬ್ಬಕ್ಕೂ ಬಂದಂತಾಗಲಿ, ಸಭೆಯೂ ಆಗಲಿ ಎಂದು ದಸರೆಯ ಕಾಲವನ್ನೇ ಆರಿಸಿಕೊಂಡರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಮೊದಲ ಸಭೆಯಲ್ಲಿ 144 ಮಂದಿ ಇದ್ದರು.

ಸಭೆಯ ರೀತಿ ಸರಳವಾಗಿತ್ತು. ಮೊದಲು ದಿವಾನರು ಹಿಂದಿನ ವರ್ಷದ ಆದಾಯ, ವೆಚ್ಚ, ಕೆಲಸಗಳ ವರದಿ ಒಪ್ಪಿಸುವರು. ಅನಂತರ ಸದಸ್ಯರು ತಮ್ಮ ತಮ್ಮ ಕಡೆಯ ಅಹವಾಲುಗಳನ್ನು ಹೇಳುವರು. ಕೆರೆ ದುರಸ್ತಿ, ರಸ್ತೆ, ಕಾಡಿನಲ್ಲಿ ದನ ಮೇಯಿಸುವ ಹಕ್ಕು ಇಂಥವೇ ಹೆಚ್ಚು. ದಿವಾನರು ಕೆಲವಕ್ಕೆ ಅಲ್ಲೇ ಉತ್ತರ ಹೇಳುವರು, ಕೆಲವನ್ನು ವಿಚಾರಿಸಿ ನೋಡುವುದಾಗಿ ತಿಳಿಸುವರು. ಸಭೆಯ ನಡವಳಿಕೆಗಳು ಅಚ್ಚಾಗುತ್ತಿದ್ದವು. ಯಾವ ಊರಿನವರು ಏನು ಕೇಳಿದರು, ಸರಕಾರ ಏನು ಹೇಳಿತು ಎಂಬುದು ಕಾಗದದ ಮೇಲೆ ಉಳಿಯಿತು. ಮುಂದಿನ ದಸರೆಗೆ ಬಂದವನು ‘ಹೋದ ವರ್ಷ ಹೀಗೆ ಹೇಳಿದ್ದಿರಿ’ ಎಂದು ನೆನಪಿಸಬಹುದಾಗಿತ್ತು.

ಈ ಸಭೆಗೆ ಅಧಿಕಾರವೇನೂ ಇರಲಿಲ್ಲ. ಕಾನೂನು ಮಾಡುವಂತಿಲ್ಲ, ದಿವಾನರನ್ನು ಇಳಿಸುವಂತಿಲ್ಲ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರೂ ಸಭೆ ನಿಲ್ಲಲಿಲ್ಲ. 1891ರಿಂದ ಸದಸ್ಯರ ಚುನಾವಣೆ ಆರಂಭವಾಯಿತು. 1923ರಲ್ಲಿ ಅದಕ್ಕೆ ಶಾಸನದ ಆಧಾರ ಸಿಕ್ಕಿತು, ಮಹಿಳೆಯರಿಗೂ ಮತ ಹಾಕುವ ಅವಕಾಶವಾಯಿತು. 1949ರಲ್ಲಿ ಮುಗಿಯುವವರೆಗೆ ಅದು ನಡೆದುಕೊಂಡು ಬಂತು. ನಿಗದಿಯಾದ ದಿನ, ಎಲ್ಲರ ಎದುರಿಗೆ ಹೇಳುವ ಅವಕಾಶ, ದಾಖಲಾಗುವ ಉತ್ತರ ಈ ಮೂರೇ ಅದರ ಬಲ.

ಅದರ ಕೊರತೆಯನ್ನೂ ಹೇಳಬೇಕು. ಜಮೀನು, ತೆರಿಗೆ, ವಿದ್ಯೆಗಳ ಅರ್ಹತೆ ಇದ್ದವರಿಗೆ ಮಾತ್ರ ಅಲ್ಲಿ ಮಾತು. ಹೊಲವಿಲ್ಲದ ಕೂಲಿಯವನು, ಮೇಲಿನವರ ಬಾವಿಯಿಂದ ದೂರ ನಿಂತು ನೀರಿಗಾಗಿ ಕಾಯುತ್ತಿದ್ದ ಕೇರಿಯ ಹೆಂಗಸು ಆ ಸಭೆಯ ಲೆಕ್ಕದಲ್ಲಿ ಇರಲಿಲ್ಲ. ಅವರ ಅಹವಾಲನ್ನು ಬೇರೆಯವರು ಹೇಳಬೇಕಿತ್ತು, ಹೇಳದಿದ್ದರೆ ಇಲ್ಲ. ಕೆರೆಯ ಏರಿ ಒಡೆದದ್ದು ಸಭೆಗೆ ಬಂತು. ಬಾವಿಗೆ ಯಾರು ಇಳಿಯಬಹುದು ಎಂಬ ದೂರು ಅಷ್ಟು ಸುಲಭವಾಗಿ ಬರಲಿಲ್ಲ.

ಕುದುರೆಯ ಮೇಲಿಂದ ಕಂಡದ್ದು

ದೂರು ಬರುವವರೆಗೆ ಕಾಯದೆ ಕೆಲಸ ಮಾಡುವ ಇನ್ನೆರಡು ರೀತಿಗಳೂ ಸಂಸ್ಥಾನದಲ್ಲಿ ಬೆಳೆದವು. ಒಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆ. ಊರಿಗೊಂದು ಸಮಿತಿ, ಊರವರು ವಾರಕ್ಕೆ ಅರ್ಧ ದಿನ ಸ್ವಂತ ದುಡಿಮೆ ಕೊಟ್ಟು ಬಾವಿ, ದಾರಿ, ನೈರ್ಮಲ್ಯಗಳನ್ನು ನೋಡಿಕೊಳ್ಳುವುದು. ದೂರುವುದಕ್ಕಿಂತ ಕೈಹಾಕಿ ಮಾಡಿ ಎಂಬುದು ಅವರ ಮಾರ್ಗ.

ಇನ್ನೊಂದು, 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮಾರ್ಗ. ಬೆಳಿಗ್ಗೆ ಕುದುರೆಯೇರಿ ನಗರ ಸುತ್ತುತ್ತ ಬೀದಿಯ ಕಸ, ಕೆಟ್ಟ ದೀಪ, ಕಳಾಹೀನವಾದ ಉದ್ಯಾನಗಳನ್ನು ತಾವೇ ನೋಡಿ ಆಯಾ ಅಧಿಕಾರಿಗಳಿಗೆ ಹೇಳುತ್ತಿದ್ದರೆಂದು ಹಳಬರು ನೆನೆಯುತ್ತಿದ್ದರು. ದೊಡ್ಡವರ ಕಣ್ಣಿಗೆ ಬಿದ್ದದ್ದು ಬೇಗ ಸರಿಹೋಗುತ್ತದೆ. ಆದರೆ ದಿವಾನರ ಕುದುರೆ ಎಷ್ಟು ಬೀದಿ ಸುತ್ತೀತು? ಹಳ್ಳಿಯ ಕೇರಿಗಳಿಗೆ ಅದು ಬರುವ ಮಾತೇ ಇರಲಿಲ್ಲ. ಇಂದಿಗೂ ಮಂತ್ರಿಗಳು ಬರುವ ಹಿಂದಿನ ರಾತ್ರಿ ರಸ್ತೆಯ ಗುಂಡಿ ಮುಚ್ಚುವುದನ್ನು ಕಂಡವರಿಗೆ ಈ ಮಾರ್ಗದ ಗುಣವೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ.

ನೀರ್‌ಸಾಬರ ಕಾಲ

ಹಳ್ಳಿಯವರ ದೂರು ಹಳ್ಳಿಯ ಹತ್ತಿರದಲ್ಲೇ ಇತ್ಯರ್ಥವಾಗಬೇಕು ಎಂಬ ವಿಚಾರಕ್ಕೆ ನಿಜವಾದ ಬಲ ಬಂದದ್ದು 1980ರ ದಶಕದಲ್ಲಿ. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ನಂಜನಗೂಡಿನ ಪಕ್ಕದ ಗುಂಡ್ಲುಪೇಟೆಯವರಾದ ಅವರು ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಬರದ ಆ ವರ್ಷಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದರಿಂದ ಜನ ಅವರನ್ನು ‘ನೀರ್‌ಸಾಬ್’ ಎಂದೇ ಕರೆದರು.

ಪಂಪು ಹಾಕಿಸುವುದು ಒಂದು ದಿನದ ಕೆಲಸ. ಅದು ಕೆಟ್ಟಾಗ ರಿಪೇರಿ ಮಾಡಿಸುವುದು ವರ್ಷವಿಡೀ ಇರುವ ಕೆಲಸ. ದೂರದ ಕಚೇರಿಯ ಎಂಜಿನಿಯರಿಗೆ ಒಂದು ಹಳ್ಳಿಯ ಪಂಪಿನ ವಾಷರು ಸವೆದದ್ದು ತಿಳಿಯಬೇಕಾದರೆ ಯಾರೋ ಬಸ್ಸು ಹತ್ತಿ ಹೋಗಿ ಹೇಳಬೇಕು. ಪಕ್ಕದೂರಿನ ಮಂಡಲ ಪಂಚಾಯಿತಿಯ ಪ್ರಧಾನನಿಗಾದರೆ ನೀರಿಲ್ಲದ ಬಿಂದಿಗೆಗಳು ಎದುರಿಗೇ ಕಾಣುತ್ತವೆ. ಮುಂದಿನ ಚುನಾವಣೆಯಲ್ಲಿ ಅದೇ ಬಿಂದಿಗೆ ಹೊತ್ತವರ ಮತ ಬೇಕು. 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನ ಮೀಸಲಾಯಿತು. ನೀರು ಹೊರುವವರೇ ನೀರಿನ ತೀರ್ಮಾನ ಮಾಡುವ ಜಾಗಕ್ಕೆ ಬರಲು ದಾರಿಯಾಯಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ರಾಜ್ಯಮಟ್ಟದ ಸಂಸ್ಥೆ ಇಂದು ಅವರ ಹೆಸರಿನಲ್ಲಿದೆ.

ಈಗ ಇರುವ ದಾರಿಗಳು

ಮಂಡಲಗಳು ಹೋಗಿ 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮ ಪಂಚಾಯಿತಿಗಳು ಬಂದವು. ಕುಡಿಯುವ ನೀರಿನ ವ್ಯವಸ್ಥೆ, ಚರಂಡಿ ಮತ್ತು ನೈರ್ಮಲ್ಯ, ಬೀದಿದೀಪ, ಊರಿನ ರಸ್ತೆಗಳ ದುರಸ್ತಿ ಇವು ಪಂಚಾಯಿತಿಗಳು ಮಾಡಲೇಬೇಕಾದ ಕೆಲಸಗಳೆಂದು ಈ ಕಾಯಿದೆಯಲ್ಲಿ ಪಟ್ಟಿ ಇದೆ. ‘ಮಾಡಿದರೆ ಒಳ್ಳೆಯದು’ ಎಂಬುದಕ್ಕೂ ‘ಮಾಡಲೇಬೇಕು’ ಎಂಬುದಕ್ಕೂ ಇರುವ ವ್ಯತ್ಯಾಸ ದೂರು ಕೊಡುವವರಿಗೆ ಗೊತ್ತಿರಬೇಕು. ಚರಂಡಿ ತೆಗೆಸಿ ಎಂದು ಕೇಳುವುದು ಉಪಕಾರ ಬೇಡಿದಂತಲ್ಲ.

ವರ್ಷಕ್ಕೆ ಕನಿಷ್ಠ ಎರಡು ಬಾರಿ ಗ್ರಾಮಸಭೆ ಸೇರಬೇಕು. ಅದಕ್ಕೆ ಮೊದಲು ವಾರ್ಡು ಸಭೆಗಳು. ರಂಗಾಚಾರ್ಲು ಅವರ ಸಭೆಗೆ ತಾಲ್ಲೂಕಿನಿಂದ ಒಬ್ಬಿಬ್ಬರು ಹೋಗುತ್ತಿದ್ದರೆ ಇಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರು. ಅಲ್ಲಿ ಹೇಳಿದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಸಭೆ ಮುಗಿಯುವ ಮೊದಲು ‘ನಮ್ಮ ಬೀದಿಯ ವಿಷಯ ಬರೆದುಕೊಂಡಿರಾ? ಓದಿ ಹೇಳಿ’ ಎಂದು ಕೇಳುವುದು ಒರಟುತನವೇನಲ್ಲ.

‘ಜಮಾಬಂದಿ’ ಎಂಬ ಹಳೆಯ ಮಾತಿಗೂ ಹೊಸ ಬಾಳು ಬಂದಿದೆ. ಹಿಂದೆ ಜಮಾಬಂದಿ ಎಂದರೆ ಮೇಲಧಿಕಾರಿಗಳು ತಾಲ್ಲೂಕಿಗೆ ಬಂದು ಬೀಡುಬಿಟ್ಟು ಶಾನುಭೋಗರ ಕಂದಾಯದ ಲೆಕ್ಕ ಪರೀಕ್ಷೆ ಮಾಡುವ ಕಾಲ. ರೈತರು ಅರ್ಜಿ ಹಿಡಿದು ಬರುತ್ತಿದ್ದುದೂ ಆಗಲೇ. ಈಗಿನ ಪಂಚಾಯಿತಿ ಜಮಾಬಂದಿಯಲ್ಲಿ ಹಿಂದಿನ ವರ್ಷದ ಕಾಮಗಾರಿಗಳ ಲೆಕ್ಕವನ್ನು ಜನರ ಎದುರಿಗೆ ಇಟ್ಟು, ಕೆಲಸ ನಡೆದ ಜಾಗಕ್ಕೇ ಹೋಗಿ ನೋಡಬೇಕು. ಹಿಂದೆ ಸರಕಾರ ರೈತನ ಲೆಕ್ಕ ನೋಡುತ್ತಿತ್ತು. ಈಗ ರೈತ ಸರಕಾರದ ಲೆಕ್ಕ ನೋಡಬಹುದು. ಚರಂಡಿಗೆ ಹಣ ಖರ್ಚಾಗಿದೆ, ಚರಂಡಿ ಮಾತ್ರ ಇಲ್ಲ ಎಂಬುದು ಹೊರಬೀಳುವ ಜಾಗ ಇದೇ.

ಸಭೆಗಾಗಿ ಕಾಯಲಾಗದ ದೂರುಗಳಿಗೆ ಬೇರೆ ದಾರಿಗಳಿವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರೆದುಕೊಡುವುದು ಮೊದಲನೆಯದು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಯಾವ ಬೀದಿ, ಎಂದಿನಿಂದ, ಎಷ್ಟು ಮನೆಗೆ ತೊಂದರೆ ಎಂಬುದು ಸ್ಪಷ್ಟವಾಗಿರಲಿ. ಸ್ವೀಕೃತಿ ಸಂಖ್ಯೆ, ತಾರೀಖು ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬಾರದು. ಅಲ್ಲಿ ಕೆಲಸವಾಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಆಮೇಲೆ ಜಿಲ್ಲಾ ಪಂಚಾಯಿತಿ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಪಟ್ಟಿ ಮಾಡಿದ ಸೇವೆಗಳಿಗೆ ಇಂತಿಷ್ಟೇ ದಿನ ಎಂದು ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಮೊತ್ತ ಸಣ್ಣದು, ಆದರೆ ಜನರ ಸಮಯಕ್ಕೂ ಬೆಲೆಯಿದೆ ಎಂದು ಕಾಯಿದೆ ಒಪ್ಪಿಕೊಂಡದ್ದು ಸಣ್ಣದಲ್ಲ. ರಾಜ್ಯ ಸರಕಾರದ ‘ಜನಸ್ಪಂದನ’ ವ್ಯವಸ್ಥೆಯಲ್ಲಿ 1902 ಸಂಖ್ಯೆಗೆ ಫೋನು ಮಾಡಿ ದೂರು ದಾಖಲಿಸಬಹುದು. ಅರ್ಜಿ ಏನಾಯಿತು ಎಂಬುದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಹಳೆಯ ಹಿಂಬರಹ ಈಗ ಕಾಯಿದೆಯ ಹಕ್ಕೇ ಆಗಿದೆ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಲೋಕಾಯುಕ್ತ ಕಾಯಿದೆ ‘ಕುಂದುಕೊರತೆ’ ಬೇರೆ, ‘ಆರೋಪ’ ಬೇರೆ ಎನ್ನುತ್ತದೆ. ನೀರು ಬಂದಿಲ್ಲ, ಆಡಳಿತದ ಲೋಪದಿಂದ ತೊಂದರೆಯಾಗಿದೆ ಎಂಬುದು ಕುಂದುಕೊರತೆ. ನೀರಿನ ಹಣವನ್ನು ನುಂಗಿದ್ದಾರೆ ಎಂಬುದು ಆರೋಪ. ಮೊದಲನೆಯದಕ್ಕೆ ಬೇಕಾದದ್ದು ದುರಸ್ತಿ, ಎರಡನೆಯದಕ್ಕೆ ತನಿಖೆ. ಕೋಪದಲ್ಲಿ ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ತನಿಖೆ ಮುಗಿಯುವವರೆಗೆ ಕೊಳಾಯಿಯೂ ಒಣಗಿರುತ್ತದೆ.

ಗಡಿಯ ತಕರಾರು

ಇಷ್ಟು ದಾರಿಗಳಿದ್ದರೂ ‘ನಮಗೆ ಬರುವುದಿಲ್ಲ’ ಎಂಬ ಮಾತು ಏಕೆ ಉಳಿದಿದೆ? ಮುಖ್ಯ ಕಾರಣ ಹೊಣೆಯ ಗಡಿಗಳು. ನಂಜನಗೂಡಿಗೆ ನಗರಸಭೆ ಇದೆ, ತಿರುಮಕೂಡಲು ನರಸೀಪುರಕ್ಕೆ ಪುರಸಭೆ ಇದೆ, ಹಳ್ಳಿಗಳಿಗೆ ಪಂಚಾಯಿತಿ. ಆದರೆ ಕೈಗಾರಿಕಾ ಪ್ರದೇಶದ ಬಡಾವಣೆಯನ್ನು ರೂಪಿಸುವುದು ರಾಜ್ಯದ ಪ್ರತ್ಯೇಕ ಮಂಡಳಿ. ಹೆದ್ದಾರಿ ಮತ್ತೊಬ್ಬರದು, ಕಾರ್ಖಾನೆಯ ತ್ಯಾಜ್ಯದ ಮೇಲಿನ ನಿಗಾ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೊಳಚೆ ನೀರಿಗೆ ಈ ಗಡಿಗಳು ಗೊತ್ತಿಲ್ಲ. ಅದು ಇಳಿಜಾರು ಇದ್ದ ಕಡೆ ಹರಿಯುತ್ತದೆ.

ಇಂಥದೇ ಪ್ರಕರಣವೊಂದು ಮಧ್ಯಪ್ರದೇಶದ ರತ್ಲಾಂ ಪಟ್ಟಣದಲ್ಲಿ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿನ ಒಂದು ವಾರ್ಡಿನ ನಿವಾಸಿಗಳ ಬೀದಿಯಲ್ಲಿ ತೆರೆದ ಚರಂಡಿ, ಶೌಚಾಲಯವಿಲ್ಲದ ಕೇರಿಗಳ ಹೊಲಸು, ಸಾಲದ್ದಕ್ಕೆ ಮದ್ಯಸಾರದ ಕಾರ್ಖಾನೆಯ ದುರ್ನಾತದ ನೀರು. ಅವರು ಅರ್ಜಿ ಕೊಟ್ಟದ್ದು ಮ್ಯಾಜಿಸ್ಟ್ರೇಟರಿಗೆ. ಸಾರ್ವಜನಿಕರಿಗೆ ಉಪದ್ರವವಾಗುವುದನ್ನು ತೆಗೆಸುವ ಅಧಿಕಾರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿ ಇತ್ತು. ಪುರಸಭೆ ‘ನಮ್ಮಲ್ಲಿ ಹಣವಿಲ್ಲ’ ಎಂದಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ಸಬೂಬನ್ನು ಒಪ್ಪಲಿಲ್ಲ. ಶಾಸನ ವಿಧಿಸಿದ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗಲಾರದು ಎಂದು ಹೇಳಿ, ಕಾಲಮಿತಿಯೊಳಗೆ ಚರಂಡಿ, ಶೌಚಾಲಯಗಳ ವ್ಯವಸ್ಥೆ ಮಾಡಬೇಕು, ಕಾರ್ಖಾನೆಯ ನೀರು ಬೀದಿಗೆ ಹರಿಯುವುದನ್ನು ತಡೆಯಬೇಕು ಎಂದು ಆದೇಶಿಸಿತು. 2024ರ ಜುಲೈಯಿಂದ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿ ಮುಂದುವರಿದಿದೆ. ಯಾರ ಗಡಿ ಎಂಬ ತಕರಾರಿನಲ್ಲಿ ದೂರು ಸಿಕ್ಕಿಕೊಂಡಾಗ ಎಲ್ಲ ಇಲಾಖೆಗಳನ್ನೂ ಒಂದೇ ಕಡೆ ಕರೆಸಿ ಕೇಳಬಲ್ಲ ಅಧಿಕಾರ ಅದು.

ಆದರೂ ಪ್ರತಿ ಚರಂಡಿಗೂ ಕೋರ್ಟಿಗೆ ಹೋಗಲಾಗದು. ಮೊದಲ ಅರ್ಜಿಯನ್ನು ತೆಗೆದುಕೊಂಡ ಕಚೇರಿಯೇ ‘ಇದು ನಮ್ಮದಲ್ಲ, ಇಂಥವರದು, ಅವರಿಗೆ ಈ ತಾರೀಖು ಕಳುಹಿಸಿದ್ದೇವೆ’ ಎಂದು ಬರೆದುಕೊಟ್ಟರೆ ಅರ್ಧ ಅಲೆದಾಟ ತಪ್ಪುತ್ತದೆ. ಅರ್ಜಿ ಕೊಟ್ಟವರು ಅಲೆಯುವ ಬದಲು ಅರ್ಜಿ ಅಲೆಯಲಿ.

ಹೇಳದೆ ಉಳಿದದ್ದು

ಕೊನೆಗೊಂದು ಮಾತು. ಬಂದ ದೂರುಗಳಲ್ಲಿ ಎಷ್ಟು ಇತ್ಯರ್ಥವಾದವು ಎಂಬ ಲೆಕ್ಕವನ್ನು ಕಚೇರಿಗಳು ಇಡುತ್ತವೆ. ಬಾರದೇ ಉಳಿದ ದೂರಿನ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕುಳಿತವರು, ಪಂಚಾಯಿತಿಯವರ ಹೊಲದಲ್ಲೇ ಕೂಲಿಗೆ ಹೋಗಬೇಕಾದವರು, ಕಾರ್ಖಾನೆಯ ಕೆಲಸಕ್ಕೆಂದು ದೂರದಿಂದ ಬಂದು ಬಾಡಿಗೆ ಕೋಣೆಯಲ್ಲಿರುವವರು ಎದ್ದು ಮಾತನಾಡುವುದು ಕಡಿಮೆ. ಕೊನೆಯವರ ಹೆಸರು ಎಷ್ಟೋ ವೇಳೆ ಈ ಊರಿನ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ. 1881ರ ಸಭೆಯಲ್ಲಿ ಜಮೀನಿಲ್ಲದವನು ಹೊರಗೆ ಉಳಿದ. ಇಂದು ಬಾಗಿಲು ತೆರೆದಿದ್ದರೂ ಒಳಗೆ ಬರಲು ಹಿಂಜರಿಯುವವರು ಇದ್ದಾರೆ.

ಮಹಿಳೆಯರಿಗೆ ಪಂಚಾಯಿತಿಯ ಸ್ಥಾನಗಳಲ್ಲಿ ಅರ್ಧ ಪಾಲು ಇದೆ. ವಾರ್ಡು ಸಭೆಗಳು, ಮಹಿಳೆಯರ ಮತ್ತು ಮಕ್ಕಳ ಗ್ರಾಮಸಭೆಗಳು ಬಂದಿವೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎಂಬುದನ್ನು ಮಕ್ಕಳ ಸಭೆಯಲ್ಲಿ ಒಂದು ಹುಡುಗಿ ಎದ್ದು ಹೇಳಿದರೆ, ದಸರೆಯ ಸಭೆಯಲ್ಲಿ ದಿವಾನರ ಎದುರು ನಿಂತ ರೈತ ಮಾಡಿದ ಕೆಲಸವನ್ನೇ ಅವಳೂ ಮಾಡಿದಂತೆ. ಆ ರೈತನಿಗೆ ಅಚ್ಚಿನಲ್ಲಿ ಉತ್ತರ ಸಿಕ್ಕಿತ್ತು. ಈ ಹುಡುಗಿಗೂ ಹಿಂಬರಹ ಸಿಗಬೇಕು. ಶೌಚಾಲಯಕ್ಕೆ ನೀರೂ ಬರಬೇಕು.